ಹನುಮವ್ವನ ಮಾಳಿಗೆಯ ಗಾಜು

ಆ ಗಾಜಿಗೆ ಮಸಿ ಹಿಡಿಸಿದವನು ನಾನು, ಹನುಮವ್ವ. ನೀನಲ್ಲ. ಲಿಂಗಸುಗೂರಿನ ಅಷ್ಟು ಜನರ ಎದುರಿಗೆ ನಿನ್ನನ್ನು ಸುಳ್ಳುಗಾತಿ ಮಾಡಿದವನೂ ನಾನೇ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ — ಕಟ್ಟಿಕೊಂಡ ಹೆಂಡತಿಯ ಮುಂದೆಯೂ ಇಲ್ಲ.

ನಿಜಾಮರ ಕಾಲ ಅದು. ನಾನು ಸರ್ಕಾರಿ ದವಾಖಾನೆಯಲ್ಲಿ ಕಾಂಪೌಂಡರ್. ಆ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾಚಿಕೆ ಆಮೇಲೆ ಬರುತ್ತದೆ, ಮೊದಲು ಬರುವುದು ಆಗಿನ ಹುರುಪೇ — ಏನು ಮಾಡಲಿ! ಹೈದರಾಬಾದಿನಿಂದ ಬಂದಿದ್ದ ನಮ್ಮ ಡಾಕ್ಟರ್ ಸಾಹೇಬರ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಹತ್ತಿ ಗಿರಣಿಯ ಹಿಂದಿನ ಓಣಿಯವರೇ ಯಾಕೆ ಇಷ್ಟು ಕೆಮ್ಮುತ್ತಾರೆ? ಕೆರೆಯ ಕಡೆಯವರು ಯಾಕೆ ಕೆಮ್ಮುವುದಿಲ್ಲ? ಕುಡಿಯುವ ನೀರು ಒಂದೇ, ತಿನ್ನುವ ಜೋಳದ ರೊಟ್ಟಿ ಒಂದೇ. ಹಾಗಾದರೆ ಬೇರೆಯಾಗಿರುವುದು ಗಾಳಿ! ಆದರೆ ಗಾಳಿಯನ್ನು ಹಿಡಿದು ನೋಡುವುದು ಹೇಗೆ?

ಸಾಹೇಬರು ಗಾಜಿನ ತುಂಡುಗಳಿಗೆ ಹರಳೆಣ್ಣೆ ಸವರಿ ಊರಿನ ಬೇರೆ ಬೇರೆ ಮಾಳಿಗೆಗಳ ಮೇಲೆ ಇಡಿಸಿದರು. ವಾರವಾದ ಮೇಲೆ ಇಳಿಸುವುದು, ಭೂತಗನ್ನಡಿ ಹಿಡಿದು ನೋಡುವುದು, ಮತ್ತೆ ಹೊಸ ಗಾಜು ಇಡುವುದು. ಊರಿನವರಿಗೆ ನಗುವೋ ನಗು. "ದವಾಖಾನ್ಯಾಗ ಈಗ ಗಾಳಿಗೂ ಔಷಧ ಕೊಡಾಕತ್ತಾರಂತ!" ನಗಲಿ ಬಿಡು — ನಾನು ಮೊದಲ ಸಲ ಗಿರಣಿಯ ಹಿಂದಿನ ಓಣಿಯ ನಿನ್ನ ಮಾಳಿಗೆಯ ಗಾಜನ್ನು ನೋಡಿದಾಗ ಕುಣಿಯುವುದೊಂದು ಬಾಕಿ. ಕೆರೆಯ ಕಡೆಯ ಗಾಜು ತಿಳಿಯಾಗಿತ್ತು. ನಿನ್ನದರ ಮೇಲೆ ಬೂದು ಬಣ್ಣದ ಧೂಳು, ಹತ್ತಿಯ ಸಣ್ಣ ಸಣ್ಣ ಎಳೆ, ಇಂಜಿನ್ನಿನ ಹೊಗೆಯ ಕರಿ. ಕಣ್ಣಿಗೆ ಕಾಣದ ಗಾಳಿ ಕೊನೆಗೂ ಕಂಡಿತ್ತು! "ದೇಖೋ, ಇದೇ ಅವರ ಎದಿಯೊಳಗ ಹೋಗಾಕತ್ತದ" ಎಂದರು ಸಾಹೇಬರು.

ನೀನು ಅದೇ ಗಿರಣಿಯಲ್ಲಿ ಯಂತ್ರಕ್ಕೆ ಹತ್ತಿ ಹಾಕುವವಳು. ನಿನ್ನ ಮಗಳು ಈರಮ್ಮ ಇನ್ನೂ ಚಿಕ್ಕವಳು, ಉಸಿರು ಎಳೆದುಕೊಂಡರೆ ಎದೆಯಲ್ಲಿ ಸುಯ್ಯೆಂದು ಸೀಟಿ ಊದಿದ ಸದ್ದು. ಮಾಳಿಗೆಯ ಮೇಲೆ ಗಾಜು ಇಡಬೇಡ ಎಂದು ಕೂಲಿಯಾಳುಗಳ ಮೇಲ್ವಿಚಾರಕ ಮುಕದ್ದಮ, ಗಿರಣಿ ಮಾಲೀಕ ಸೇಠನ ಹೆಸರು ಹೇಳಿ ನಿನ್ನನ್ನು ಹೆದರಿಸಿದ್ದ. ನೀನು ನಮಗೆ ಹೇಳಿದ್ದು ಇಷ್ಟೇ. "ಸೇಠ ಸಿಟ್ಟಾದ್ರ ಆಗವಲ್ನ್ಯಾಕ್ರೀ. ನನ್ನ ಮಗಳು ನೆಟ್ಟಗ ಉಸುರು ಹಾಕಿದ್ರ ಸಾಕು."

ಸಾಹೇಬರು ಮೇಲಕ್ಕೆ ಬರೆದರು. ದೊಡ್ಡ ಅಧಿಕಾರಿಯೊಬ್ಬರು ಖುದ್ದಾಗಿ ಬಂದು ನೋಡುತ್ತಾರೆಂದು ಗೊತ್ತಾಯಿತು. ಅವರು ಒಪ್ಪಿದರೆ ಗಿರಣಿಯ ಧೂಳು ಹೊರಹಾಕುವ ಕಿಂಡಿಯನ್ನು ಹೊಲದ ಕಡೆಗೆ ತಿರುಗಿಸಬೇಕು, ಹೊಗೆಗೂಡನ್ನು ಎತ್ತರಿಸಬೇಕು. ಈರಮ್ಮನ ಉಸಿರು ಆ ಒಂದು ದಿನವನ್ನೇ ನೆಚ್ಚಿಕೊಂಡಿತ್ತು. ಹೊಸ ಗಾಜು ಇಟ್ಟ ದಿನವೇ ನನಗೆ ಕಾಲರಾ ಸೂಜಿ ಹಾಕಲು ಮಸ್ಕಿಗೆ ಹೋಗುವ ಹುಕುಂ ಬಂತು. ಹೋದೆ. ವಾರವೆಲ್ಲ ಅಲ್ಲಿದ್ದರೂ ಮನಸ್ಸು ನಿನ್ನ ಮಾಳಿಗೆಯ ಮೇಲೆಯೇ ಇತ್ತು.

ಅಧಿಕಾರಿ ಬರುವ ದಿನ ಮಧ್ಯಾಹ್ನಕ್ಕೇ ನಾನು ಲಿಂಗಸುಗೂರು ತಲುಪಿದೆ. ದವಾಖಾನೆಗೂ ಹೋಗದೆ ಸೀದಾ ನಿನ್ನ ಮನೆಗೆ ಬಂದೆ — ನೋಡದೆ ಇರಲಾರೆ, ಅಂಥ ಆತುರ. ಅಂದು ಅಮಾವಾಸ್ಯೆ. ಗಿರಣಿಯ ಸದ್ದಿರಲಿಲ್ಲ. ಅಮಾವಾಸ್ಯೆಗೆ ಗಿರಣಿ ನಿಲ್ಲಿಸಿ ಯಂತ್ರಕ್ಕೆ ಕಾಯಿ ಒಡೆಯುವುದು ರೂಢಿಯೇ ಆಗಿತ್ತು. ನೀನು ನಿಚ್ಚಣಿಕೆ ಹಿಡಿದೆ, ನಾನು ಹತ್ತಿದೆ.

ಗಾಜು ತಿಳಿಯಾಗಿತ್ತು! ಎಣ್ಣೆಯ ಹೊಳಪು ಕೂಡ ಹಾಗೇ ಇತ್ತು. ಎಲ್ಲ ಮುಗಿಯಿತು, ಸಾಹೇಬರ ಮುಖಕ್ಕೆ ಮಂಗಳಾರತಿಯೇ ಅಂದುಕೊಂಡೆ. ಕೆಳಗಿನಿಂದ ನೀನು ಏನೋ ಹೇಳಹೋದೆ.

"ಕಂಪೌಂಡರ್ ಸಾಹೇಬ್ರ, ಗಿರಣಿ ಬಂದ್ —"

"ಗೊತ್ತೈತಿ ಬಿಡಬೇ, ಅಮಾಸಿ" ಎಂದೆ.

ನಿನ್ನ ಮಾತನ್ನು ಪೂರ್ತಿ ಕೇಳಿದ್ದರೆ — ಇರಲಿ. ನಾನು ಕೇಳಲಿಲ್ಲ. ಗಾಜನ್ನು ಟವೆಲಿನಲ್ಲಿ ಸುತ್ತಿ ನನ್ನ ಕೋಣೆಗೆ ಒಯ್ದೆ. ಚಿಮಣಿ ಬುಡ್ಡಿ ಹೊತ್ತಿಸಿ ಉರಿಯ ಮೇಲೆ ಹಿಡಿದೆ. ಎಣ್ಣೆಗೆ ಮಸಿ ಎಷ್ಟು ಚೆನ್ನಾಗಿ ಅಂಟಿತೆಂದರೆ ನನಗೇ ಖುಷಿಯಾಯಿತು! ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಸತ್ಯ ನನಗೆ ಗೊತ್ತಿತ್ತಲ್ಲ, ಅದಕ್ಕೆ ಒಂದಿಷ್ಟು ಬಣ್ಣ ಕೊಡುತ್ತಿದ್ದೇನೆ ಅಷ್ಟೇ — ಹಾಗೆಂದುಕೊಂಡೆ. ತಿರುಗಿ ಬಂದೆ. ನೀನು ಮತ್ತೆ ನಿಚ್ಚಣಿಕೆ ಹಿಡಿದೆ. ಗಾಜು ಮತ್ತೆ ಮಾಳಿಗೆ ಸೇರಿತು.

ಸಂಜೆ ನಿನ್ನ ಮನೆಯ ಮುಂದೆ ಅಧಿಕಾರಿ, ಗಿರಣಿಯ ಮ್ಯಾನೇಜರ್, ಅವರ ಹಿಂದೆ ಅರ್ಧ ಊರು. ನಾನು ಚೀಲ ಹೆಗಲಿಗೇರಿಸಿಕೊಂಡು, ಆಗ ತಾನೇ ಊರಿಗೆ ಬಂದವನಂತೆ ಗುಂಪು ಸೇರಿದೆ. ಸಾಹೇಬರ ಮುಖ ಹಬ್ಬದಂತಿತ್ತು. ಅವರು ಅಧಿಕಾರಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು.

"ಹುಜೂರ್, ತಾವು ಬರ್ತೀರಂತ ಇವರು ಒಂದು ವಾರದಿಂದ ಗಿರಣಿ ಬಂದ್ ಇಟ್ಟಾರ. ಭಾಳ ಛಲೋ ಆಯ್ತು! ಗಿರಣಿ ನಡೆದಾಗಿನ ಗಾಜು ನಿಮ್ಮ ಕೈಯಾಗ ಅದ. ಗಿರಣಿ ನಿಂತಾಗಿನ ಗಾಜು ಈಗ ನೋಡ್ರಿ, ಸಾಫ್ ಇರ್ತದ. ಇದಕ್ಕಿಂತ ಸಬೂತು ಬೇಕೇನು?"

ಹನುಮವ್ವ, ಆಗ ನನಗೆ ತಿಳಿಯಿತು. ಆ ತಿಳಿಗಾಜೇ ನಮ್ಮ ಗೆಲುವಾಗಿತ್ತು. ಸೇಠ ತಾನಾಗಿಯೇ ಅದನ್ನು ನಮ್ಮ ಕೈಗೆ ಕೊಟ್ಟಿದ್ದ. ಅದನ್ನು ನಾನು ಬುಡ್ಡಿಯ ಮೇಲೆ ಹಿಡಿದು ಸುಟ್ಟುಬಿಟ್ಟಿದ್ದೆ.

ಗಾಜು ಇಳಿಯಿತು. ಕರ್ರಗೆ. "ಗಿರಣಿ ವಾರದಿಂದ ಬಂದ್ ಅದ ಅಂತೀರಿ. ಈ ಮಸಿ ಆಸ್ಮಾನದಿಂದ ಬಿತ್ತೇನು?" ಎಂದರು ಅಧಿಕಾರಿ. ಮ್ಯಾನೇಜರ್ ನಕ್ಕ. "ಈ ಮನೀ ಹೆಣ್ಮಗಳು ಒಲಿ ಮ್ಯಾಲ ಹಿಡದಾಳ್ರಿ. ಹಿಂದಿನ ಗಾಜೂ ಹಿಂಗ ಮಾಡಿರ್ತಾರ."

ನೀನು ಈರಮ್ಮನ ತಲೆಯ ಮೇಲೆ ಕೈಯಿಟ್ಟೆ. "ನನ್ನ ಮಗಳಾಣಿ, ನಾ ಮುಟ್ಟಿಲ್ರೀ. ಮಧ್ಯಾಹ್ನ ಕಂಪೌಂಡರ್ ಸಾಹೇಬ್ರು ಬಂದು ಒಯ್ದಿದ್ರು. ಕೇಳ್ರೀ ಅವ್ರನ್ನ."

ಎಲ್ಲರೂ ನನ್ನತ್ತ ತಿರುಗಿದರು. ಸಾಹೇಬರೂ.

"ನಾ ಈಗ ಮಸ್ಕಿಯಿಂದ ಬರಾಕತ್ತೀನ್ರೀ" ಎಂದೆ. "ನನಗೇನೂ ಗೊತ್ತಿಲ್ರೀ."

ಅಷ್ಟೇ ಮಾತು. ಯಾರೂ ಮತ್ತೆ ಕೇಳಲಿಲ್ಲ. ನೀನು ನನ್ನನ್ನು ಬೈಯಲಿಲ್ಲ, ಶಪಿಸಲಿಲ್ಲ. ಸುಮ್ಮನೆ ನೋಡಿದೆ — ಯಾರಿವನು ಎಂಬಂತೆ. ಈರಮ್ಮ ಕೆಮ್ಮುತ್ತಿದ್ದಳು.

ನಮ್ಮ ಗಾಜುಗಳನ್ನೆಲ್ಲ ಸುಳ್ಳೆಂದು ತಳ್ಳಿಹಾಕಿದರು. ಮರುದಿನ ನಿನ್ನನ್ನು ಗಿರಣಿಯ ಬಾಗಿಲಲ್ಲೇ ತಡೆದರಂತೆ. ನೀನು ಮಗಳನ್ನು ಕರೆದುಕೊಂಡು ಊರು ಬಿಟ್ಟೆ. ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಅವರು ನನ್ನ ಭುಜ ತಟ್ಟಿದರು, ಒಂದು ಮಾತನ್ನೂ ಕೇಳಲಿಲ್ಲ. ಆ ಕಿಂಡಿ ಮಾತ್ರ ನಿಮ್ಮ ಓಣಿಯ ಕಡೆಗೇ ಇತ್ತು, ಬಹಳ ಕಾಲ ಹಾಗೇ ಇತ್ತು. ನಾನು ನೌಕರಿ ಮಾಡಿಕೊಂಡು, ಅಲ್ಲಿಯ ಮಕ್ಕಳಿಗೆ ಕೆಮ್ಮಿನ ಔಷಧಿ ಅಳೆದು ಕೊಡುತ್ತ ಕೂತೆ.

ನೌಕರಿ ಹೋದೀತೆಂಬ ಹೆದರಿಕೆ ಇತ್ತು. ವಯಸ್ಸೂ ಚಿಕ್ಕದಿತ್ತು. ಅದ್ಯಾವುದನ್ನೂ ನಿನ್ನ ಮುಂದೆ ಇಡುವುದಿಲ್ಲ. ನಿನಗೂ ಹೆದರಿಕೆ ಇತ್ತು, ಆದರೂ ಮಾಳಿಗೆ ಕೊಟ್ಟಿದ್ದೆ.

ನೀನು ತೀರಿಕೊಂಡ ಸುದ್ದಿ ಈಚೆಗೆ ತಿಳಿಯಿತು. ಈರಮ್ಮ ಸಿಂಧನೂರಿನಲ್ಲಿದ್ದಾಳಂತೆ, ಅಕ್ಕಿ ಗಿರಣಿಯ ಹಿಂದೆಯೇ ಮನೆಯಂತೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಬಾಗಿಲು ಮುಚ್ಚಿದರೆ ಹೊರಗೆ ನಿಂತೇ ಹೇಳುತ್ತೇನೆ, ಓಣಿಯವರು ಕೇಳಿಸಿಕೊಳ್ಳಲಿ: ನಿಮ್ಮವ್ವ ಅಂದು ನಿನ್ನ ತಲೆಯ ಮೇಲೆ ಕೈಯಿಟ್ಟು ಆಡಿದ್ದು ನಿಜ, ತಾಯಿ. ನಾನು ಮಧ್ಯಾಹ್ನವೇ ಬಂದಿದ್ದೆ, ಗಾಜಿಗೆ ಮಸಿ ಹಿಡಿಸಿದವನು ನಾನೇ. ನಿಚ್ಚಣಿಕೆ ಹಿಡಿದವಳು ಅವಳೇ.