ಜನವರಿಯ ತನಕ ಕಾಯಿರಿ ಎಂದವರು

ಮಗಳನ್ನು ಯೂನಿವರ್ಸಿಟಿಗೆ ಬಿಟ್ಟುಬರಲು ಹೋದ ದಿನ ತಂದೆತಾಯಿಗಳಿಗೆಂದು ಒಂದು ಸಭೆ ಇತ್ತು. ಸೊರಾರಿಟಿಗಳು, ಅಂದರೆ ಹುಡುಗಿಯರ ಸಂಘಗಳು, ಇನ್ನು ಮೇಲೆ ಹೊಸಬರನ್ನು ಸೆಪ್ಟೆಂಬರಿನಲ್ಲಿ ಸೇರಿಸಿಕೊಳ್ಳುವುದಿಲ್ಲ, ಜನವರಿಯ ತನಕ ಕಾಯಬೇಕು ಎಂದು ಒಬ್ಬಾಕೆ ವೇದಿಕೆಯ ಮೇಲೆ ನಿಂತು ವಿವರಿಸಿದರು. ಮಕ್ಕಳು ಮೊದಲು ಓದಿಗೆ ಹೊಂದಿಕೊಳ್ಳಲಿ, ನಾಲ್ಕು ಜನರ ಪರಿಚಯ ಮಾಡಿಕೊಳ್ಳಲಿ ಎಂಬ ಉದ್ದೇಶವಂತೆ. ನಾನು ತಲೆಯಾಡಿಸಿದೆ. ಬೆಳಿಗ್ಗೆಯಿಂದ ಪೆಟ್ಟಿಗೆ ಹೊತ್ತು ಸೊಂಟ ಬಿದ್ದುಹೋಗಿತ್ತು. ಯಾರು ಏನು ಹೇಳಿದ್ದರೂ ತಲೆಯಾಡಿಸುತ್ತಿದ್ದೆನೇನೋ.

ಆ ಊರಿನ ಬಾಡಿಗೆ ಮನೆಗಳ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ. ಹಾಸ್ಟೆಲ್ ಇರುವುದು ಮೊದಲ ವರ್ಷಕ್ಕೆ ಮಾತ್ರ. ಮುಂದಿನ ವರ್ಷಕ್ಕೆ ಮನೆ ಬೇಕೆಂದರೆ ಈ ಅಕ್ಟೋಬರಿನಲ್ಲೇ ಜೊತೆಗಾರರನ್ನು ಹುಡುಕಿಕೊಂಡು ಸಹಿ ಹಾಕಿಬಿಡಬೇಕು. ಸೊರಾರಿಟಿಗೆ ಸೇರಿದವರಿಗೆ ಆ ಗೋಜಿಲ್ಲ, ಸಂಘದ ದೊಡ್ಡ ಮನೆಯಲ್ಲೇ ಇರಬಹುದು. ಆದರೆ ಸೇರಿದೆವೋ ಇಲ್ಲವೋ ಎಂದು ಗೊತ್ತಾಗುವುದು ಜನವರಿಗೆ. ಈ ಎರಡರ ನಡುವೆ ನನ್ನ ಮಗಳು ಸಿಕ್ಕಿಹಾಕಿಕೊಂಡಳು.

ನನಗದು ತಿಳಿದದ್ದು ಡಿಸೆಂಬರ್ ರಜೆಯಲ್ಲಿ, ಯೂನಿವರ್ಸಿಟಿಯಿಂದ ಒಂದು ಗಂಟೆಯ ದಾರಿಯ ರಾಚೆಸ್ಟರ್ ಹಿಲ್ಸ್‌ನಲ್ಲಿರುವ ನಮ್ಮ ಅಡುಗೆಮನೆಯಲ್ಲಿ. ಆಫೀಸಿನಿಂದ ಬಂದು ಹುರುಳಿಕಾಯಿ ಹೆಚ್ಚುತ್ತಿದ್ದೆ. ಆಯ್ಕೆಯ ದಿನಗಳಲ್ಲಿ ಹುಡುಗಿಯರು ಒಂದು ಸಂಘದ ಮನೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ, ಪ್ರತಿ ಮನೆಯಲ್ಲೂ ಒಬ್ಬ ಸೀನಿಯರ್ ಹುಡುಗಿ ಕೂರಿಸಿಕೊಂಡು ಮಾತಾಡಿಸುತ್ತಾಳೆ, ಆಮೇಲೆ ಯಾರು ಬೇಕು ಯಾರು ಬೇಡ ಎಂದು ಅವರು ತೀರ್ಮಾನಿಸುತ್ತಾರೆ ಎಂದಳು.

"ಇದನ್ನ ತಪ್ಪಿಸಿಕೊಳ್ಳೋಕೆ ತಾನೇ ನಾನು ಎಂಜಿನಿಯರಿಂಗ್ ಓದಿದ್ದು. ಹೆಣ್ಣು ನೋಡೋ ಶಾಸ್ತ್ರ ಇದು" ಎಂದೆ.

ಅವಳು ನಗಲಿಲ್ಲ. ಅಭ್ಯಾಸಕ್ಕೆ ನಾನು ಆ ಸೀನಿಯರ್ ಆಗಿ ತನ್ನನ್ನು ಪ್ರಶ್ನೆ ಕೇಳಬೇಕೆಂದು ಎದುರು ಕುರ್ಚಿ ಎಳೆದು ಕೂತಳು. ನನಗೆ ಒಂದು ಲೋಟ ಕಾಫಿ ಕುಡಿದು ಕಾಲು ಚಾಚಿದರೆ ಸಾಕಾಗಿತ್ತು.

"ಸರಿ. ಊಟ ಆಯ್ತಾ?"

"ಅಮ್ಮಾ, ನೋಬಡಿ ಆಸ್ಕ್ಸ್ ದಟ್."

"ಹೋಗ್ಲಿ, ಈ ಸೆಮಿಸ್ಟರ್‌ನಲ್ಲಿ ನಿಂಗೆ ತುಂಬಾ ಇಷ್ಟ ಆಗಿದ್ದು ಏನು?"

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಕನ್ನಡಿಯ ಮುಂದೆ ಕಲಿತಂಥ ನಗುವೊಂದನ್ನು ತಂದುಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದಳು. ಹಾಸ್ಟೆಲ್ಲಿನ ತನ್ನ ಮಹಡಿಯಲ್ಲೇ ಇಬ್ಬರು ಗೆಳತಿಯರು ಸಿಕ್ಕರು, ದಿನಾ ಸಂಜೆ ಒಟ್ಟಿಗೆ ಊಟ, ಹೊಟ್ಟೆ ಹುಣ್ಣಾಗುವಷ್ಟು ನಗು. ಅಕ್ಟೋಬರಿನಲ್ಲಿ ಅವರು ಮೂರು ಕೋಣೆಯ ಮನೆಯೊಂದನ್ನು ನೋಡಿ ಇವಳನ್ನೂ ಕರೆದರಂತೆ. ಜನವರಿಯ ತನಕ ನಿಲ್ಲಿ, ಸೊರಾರಿಟಿ ವಿಷಯ ಗೊತ್ತಾಗಲಿ ಎಂದಳಂತೆ. ಮನೆ ಮಾಲೀಕ ನಿಲ್ಲಲಿಲ್ಲ. ಮೂರನೇ ಕೋಣೆಗೆ ಅವರು ಬೇರೆ ಹುಡುಗಿಯನ್ನು ಸೇರಿಸಿಕೊಂಡರು. ಈಗ ಊಟಕ್ಕೂ ಅವರು ಮೂವರೇ ಹೋಗುತ್ತಾರೆ.

ಇಷ್ಟನ್ನೂ ಆ ನಗುವನ್ನು ಸಡಿಲಿಸದೆ ಹೇಳಿದಳು. ಆಮೇಲೆ, ಉತ್ತರ ತುಂಬಾ ಉದ್ದವಾಯಿತೇ ಎಂದು ಕೇಳಿದಳು.

"ಇಲ್ಲಮ್ಮ, ಸರಿಯಾಗೇ ಇದೆ" ಎಂದೆ. ವಾರಕ್ಕೆರಡು ಸಲ ಫೋನಿನಲ್ಲಿ ಚೆನ್ನಾಗಿದೀನಿ ಎನ್ನುತ್ತಿದ್ದವಳು ಅಮ್ಮನಿಗೆ ಹೇಳದ್ದನ್ನು ಸುಳ್ಳು ಸೀನಿಯರ್‌ಗೆ ಹೇಳಿದ್ದಳು.

ಜನವರಿಯಲ್ಲಿ ಆಯ್ಕೆ ನಡೆಯಿತು. ಹಿಮದಲ್ಲಿ ತೆಳು ಸ್ಟಾಕಿಂಗ್ಸ್ ಹಾಕಿಕೊಂಡು ಮನೆಯಿಂದ ಮನೆಗೆ ನಡೆದಳು. ಮತ್ತೆ ಕರೆದ ಮನೆಗಳು ದಿನದಿನಕ್ಕೂ ಕಡಿಮೆಯಾದವು. ಕೊನೆಯ ಭಾನುವಾರ ಮಧ್ಯಾಹ್ನ, ಯಾವ ಮನೆಯವರೂ ತೆಗೆದುಕೊಳ್ಳಲಿಲ್ಲ ಎಂದು ಮಗಳ ಮೆಸೇಜ್ ಬಂತು. ಕಾರು ತೆಗೆದುಕೊಂಡು ಹೊರಟೆ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಮೂಳೆ ಕೊರೆಯುವ ಚಳಿ. ದಾರಿಯುದ್ದಕ್ಕೂ ಯಾರನ್ನಾದರೂ ಬೈಯಬೇಕು ಅನ್ನಿಸುತ್ತಿತ್ತು, ಆದರೆ ಬೈಯಲು ಯಾರೂ ಸಿಗಲಿಲ್ಲ. ಕಾಯಿರಿ ಎಂದವರು ಮಕ್ಕಳ ಒಳ್ಳೆಯದಕ್ಕೇ ಹೇಳಿದ್ದರು.

ಹಾಸ್ಟೆಲ್ ಮುಂದೆ ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೂತೆವು. ಅವಳ ಕಣ್ಣು ಊದಿತ್ತು.

"ಮನೆಗೆ ಹೋಗೋಣ ಬಾ. ನಾಳೆ ಬೆಳಿಗ್ಗೆ ನಾನೇ ಡ್ರಾಪ್ ಮಾಡ್ತೀನಿ."

ಬೇಡವೆಂದು ತಲೆಯಾಡಿಸಿದಳು. ಹಾಸ್ಟೆಲ್ ಒಳಗೆ ಹೋಗಲೂ ಇಷ್ಟವಿಲ್ಲವೆಂದಳು. ಹೀಟರನ್ನು ಇನ್ನಷ್ಟು ಜೋರು ಮಾಡಿದೆ.

ಅಷ್ಟರಲ್ಲಿ ಹಾಸ್ಟೆಲ್ಲಿನ ಬಾಗಿಲು ತೆರೆದು ಮೂವರು ಹೊರಬಂದರು. ಆ ಇಬ್ಬರು ಗೆಳತಿಯರು, ಜೊತೆಗೆ ಮೂರನೇ ಕೋಣೆಯ ಹುಡುಗಿ ಎಂದಳು ಮಗಳು. ಒಬ್ಬಳು ನಮ್ಮನ್ನು ನೋಡಿ ಹತ್ತಿರ ಬಂದು ಕಿಟಕಿ ತಟ್ಟಿದಳು. ಮಗಳ ಮುಖ ನೋಡಿದ ಮೇಲೂ ಏನನ್ನೂ ಕೇಳಲಿಲ್ಲ. ಊಟಕ್ಕೆ ಹೊರಟಿದ್ದೇವೆ, ನೀನೂ ಬಾ ಎಂದಷ್ಟೇ ಅಂದಳು. ಮಗಳು ನನ್ನ ಕಡೆ ತಿರುಗಿದಳು.

"ಹೋಗು" ಎಂದೆ.

ಹಿಮ ಬಳಿದು ತೆಗೆದಿದ್ದ ಕಾಲುದಾರಿಯಲ್ಲಿ ಮೂವರು ಅಕ್ಕಪಕ್ಕ ನಡೆಯುವಷ್ಟೇ ಜಾಗವಿತ್ತು. ಅವರು ಮೂವರೂ ಅದರ ಮೇಲೆ ಹೋದರು. ನನ್ನ ಮಗಳು ಅಂಚಿನ ಹಿಮದಲ್ಲಿ ಕಾಲು ಹೂತುಕೊಳ್ಳುತ್ತ, ಅವರ ಮಾತು ಕೇಳಿಸುವಷ್ಟು ಹತ್ತಿರ ಉಳಿಯಲು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು.