ರೊಟ್ಟಿಯ ಪೆಟ್ಟು, ಬೆಳಕಿನ ಗೆರೆ

ಮೊಮ್ಮಕ್ಕಳೇ, ನಿಮ್ಮವ್ವ, ಅಂದರೆ ನನ್ನ ಮಗಳು, ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಬೆಳಕಿನಿಂದ ಅಳೆಯುತ್ತಾಳೆ ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಅಡುಗೆಮನೆ ಸೇರುತ್ತೇನೆ. ನಿಮಗಾದರೆ ತಿಳಿದಷ್ಟು ಬರೆಯಬಲ್ಲೆ. ಅವಳ ಲ್ಯಾಬಿನ ಲೇಸರಿನಲ್ಲಿ ಸಾವಿರಾರು ಬಣ್ಣಗಳು, ಕೂರಿಗೆಯಿಂದ ಬಿತ್ತಿದ ಜೋಳದ ಸಾಲಿನಂತೆ ಸರಿಯಾದ ಅಂತರದಲ್ಲಿ ನಿಂತಿರುತ್ತವಂತೆ. ಲ್ಯಾಬಿನವರು ಅದನ್ನು ಬಾಚಣಿಗೆ ಎನ್ನುತ್ತಾರೆ. ಆ ಬೆಳಕನ್ನು ಎರಡು ದಾರಿಯಲ್ಲಿ ಕಳಿಸಿ ಮತ್ತೆ ಕೂಡಿಸಿದರೆ, ದಾರಿಗಳ ಉದ್ದದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ವ್ಯತ್ಯಾಸವಿದ್ದರೂ ತಿಳಿಯುತ್ತದಂತೆ.

ಹೋದ ಚಳಿಗಾಲದಲ್ಲಿ ಅವಳು ಮಸ್ಕಿಗೆ, ನನ್ನ ಮನೆಗೆ ಬಂದಳು. ಮರುದಿನ ಲಿಂಗಸುಗೂರಿನಲ್ಲಿ, ತಾನು ಓದಿದ ಹೈಸ್ಕೂಲಿನ ಹುಡುಗಿಯರಿಗೆ ಈ ಅಳತೆಯನ್ನು ತೋರಿಸಬೇಕಿತ್ತು. ದೊಡ್ಡ ಯಂತ್ರ ತರುವಂತಿರಲಿಲ್ಲ. ಒಂದೇ ಬಣ್ಣದ ಸಣ್ಣ ಲೇಸರ್, ಎರಡು ಕನ್ನಡಿ, ಅರ್ಧ ಬೆಳಕು ಬಿಡುವ ಒಂದು ಗಾಜು ತಂದಿದ್ದಳು. ಪಡಸಾಲೆಯ ಕಟ್ಟೆಯ ಮೇಲೆ ಹೊಂದಿಸಿದಾಗ ಗೋಡೆಯ ಮೇಲೆ ಕೆಂಪು ಕಪ್ಪು ಗೆರೆಗಳು ಮೂಡಿದವು. ಆದರೆ ನಿಲ್ಲಬೇಕಾದ ಗೆರೆಗಳು ಗಡಗಡ ನಡುಗುತ್ತಿದ್ದವು. ಫ್ಯಾನ್ ಆರಿಸಿದಳು, ಬಾಗಿಲು ಹಾಕಿದಳು, ಸಿಂಧನೂರಿನ ಬಸ್ಸು ದೂರ ಹೋಗುವ ತನಕ ಕಾದಳು. ನಡುಕ ಹೋಗಲಿಲ್ಲ.

"ಇವು ನಿಲ್ಲಲಿಲ್ಲಂದ್ರ ನಾಳೆ ಆ ಹುಡುಗ್ಯಾರ ಮುಂದ ಏನ್ ತೋರಸ್ಲಿ? ಯವ್ವಾ, ನೀನರ ಬಂದು ನೋಡು" ಎಂದಳು. ದನಿ ಅಳುವ ಹಾಗಿತ್ತು.

ನಾನು ಅವಳಿಗೆ ಕಟ್ಟಿಕೊಡಲು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತೆ. ಗೆರೆಗಳೂ ನಿಂತವು. ತಿರುಗಿ ಹೋದೆ, ಮತ್ತೆ ನಡುಕ. ಕರೆದಳು, ಬಂದೆ, ನಿಂತವು.

"ನೀ ಬಂದ್ರ ನಿಲ್ತಾವಲ್ಲಬೇ! ಇಲ್ಲೇ ಕುಂದ್ರು, ಏಳಬ್ಯಾಡ."

ನಿಮ್ಮಜ್ಜ ಹೋದ ಮೇಲೆ ಯಾರ ಮನೆಯ ಒಳ್ಳೆಯ ಕಾರ್ಯದಲ್ಲೂ ನಾನು ಮುಂದೆ ನಿಂತವಳಲ್ಲ. ಈಗ ನಾನು ಎದುರಿಗೆ ಬಂದರೇ ಕೆಲಸ ಆಗುತ್ತದೆ ಎಂದು ಮಗಳು ಹೇಳುತ್ತಿದ್ದಳು. ಖರೇ ಹೇಳುತ್ತೇನೆ, ನಂಬಿಬಿಟ್ಟೆ. ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕುಳಿತೆ.

ಅಷ್ಟರಲ್ಲಿ ಪಕ್ಕದ ಮನೆಯ ಬೀಬಿ, ನನ್ನ ಹಳೆಯ ಗೆಳತಿ, ಬಂದಳು.

"ಅಕ್ಕಾ, ಒಳಗ ಹೆಂಚು ಸುಡಾಕತ್ತೈತಿ, ನೀ ಇಲ್ಲಿ ರಾಣಿಗತೆ ಕುಂತೀದಿ?"

"ನಾ ಎದ್ರ ಗೆರಿ ನಡುಗ್ತಾವ."

"ಯಾ ಅಲ್ಲಾ! ಹಂಗಾದ್ರ ನಾಳೆ ನಿನ್ನ ಪಲ್ಲಕ್ಕಿಯೊಳಗ ಶಾಲಿಗೆ ಒಯ್ಯಬೇಕು. ಕುಂದ್ರು, ಉಳಿದ ರೊಟ್ಟಿ ನಾ ಬಡೀತೀನಿ" ಎಂದು ಒಳಗೆ ಹೋದಳು.

ಟಪ್ ಎಂದು ಮೊದಲ ಪೆಟ್ಟು ಬಿದ್ದದ್ದೇ ಗೆರೆಗಳು ಜಿಗಿದವು. ನಾನು ಕುಳಿತೇ ಇದ್ದೆ. ಮಗಳು ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು.

"ಖಾಲಾ, ಇನ್ನೊಂದು ಬಡೀರಿ!" ಎಂದು ಬೀಬಿಗೆ ಕೂಗಿದಳು.

ಟಪ್. ಮತ್ತೆ ಜಿಗಿದವು.

"ರೊಟ್ಟಿಬೇ ಯವ್ವಾ! ಪೆಟ್ಟು ನೆಲದಾಗ ಹಾದು ಬಂದು ಕನ್ನಡಿ ಅಳ್ಳಾಡ್ಸಾಕತ್ತೈತಿ!"

"ಪಾಪ ಅಕ್ಕಾ, ರಾಣಿ ಪದವಿ ಒಂದು ಗಳಿಗೀನೂ ಉಳೀಲಿಲ್ಲ" ಎಂದು ಬೀಬಿ ಒಳಗಿನಿಂದಲೇ ಕೂಗಿದಳು. ನಕ್ಕು ನಕ್ಕು ನನ್ನ ಪಕ್ಕೆ ನೋವು ಬಂತು. ಒಂದು ರೊಟ್ಟಿ ಹೊತ್ತಿಯೇ ಹೋಯಿತು.

ನಿಮ್ಮವ್ವ ಅಂದೇ ಸ್ಕೂಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಇಟ್ಟು, ಕಲ್ಲಿನ ಮೇಲೆ ಕನ್ನಡಿಗಳನ್ನು ಹೊಂದಿಸಿದಳು. ಬೀಬಿ ಬೇಕೆಂದೇ ಜೋರಾಗಿ ಬಡಿದರೂ ಗೆರೆಗಳು ಸ್ವಲ್ಪ ಮಿಸುಕಿ ಸುಮ್ಮನಾದವು.

ಮರುದಿನ ನನ್ನನ್ನೂ ಕರೆದುಕೊಂಡು ಹೋದಳು. ಶಾಲೆಯಲ್ಲಿ ಗಂಟೆ ಹೊಡೆಯಿತು, ಮಕ್ಕಳು ಪಡಸಾಲೆಯಲ್ಲಿ ಓಡಿದರು. ಗೆರೆಗಳು ನಿಂತೇ ಇದ್ದವು. ನಿಮ್ಮವ್ವ ಉಸಿರು ಬಿಟ್ಟದ್ದು ಬಾಗಿಲ ಬಳಿ ನಿಂತ ನನಗೂ ಕೇಳಿಸಿತು. ಆಮೇಲೆ ಒಬ್ಬ ಹುಡುಗಿಗೆ, ಕನ್ನಡಿಯ ಲೋಹದ ಹಿಡಿಕೆಯ ಹತ್ತಿರ ಅಂಗೈ ಹಿಡಿಯಲು ಹೇಳಿದಳು. ಮುಟ್ಟಲೇ ಇಲ್ಲ. ಕೈಯ ಬಿಸಿಗೇ ಲೋಹ ಕಣ್ಣಿಗೆ ಕಾಣದಷ್ಟು ಹಿಗ್ಗಿ, ಗೆರೆಗಳು ಒಂದರ ಹಿಂದೊಂದು ನಡೆಯತೊಡಗಿದವು. ಹುಡುಗಿಯರೆಲ್ಲ ಪಾಳಿ ಹಚ್ಚಿದರು.

ಒಬ್ಬಳು ನನ್ನ ಕೈ ಹಿಡಿದು ಎಳೆದಳು. "ಅಮ್ಮಾರ, ನೀವೂ ಹಿಡೀರಿ."

"ನಾ ಒಲ್ಲೆವ್ವಾ" ಎಂದೆ. ಯಾರೂ ಕೇಳಲಿಲ್ಲ. ಅಂಗೈ ಹಿಡಿದೆ.

"ನಡದ್ವು, ನಡದ್ವು!" ಎಂದು ಕೂಗಿದರು. ಗೋಡೆಯನ್ನು ನೋಡುತ್ತ ನಿಂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

"ಅಮ್ಮಾರ, ಸಾಕ್ರೀ, ಈಗ ನಮ್ಮ ಪಾಳಿ" ಎಂದು ಹಿಂದಿನವಳು ಸೆರಗು ಜಗ್ಗಿದಳು.