ತೆರಕಣಾಂಬಿ ರಸ್ತೆಯಲ್ಲಿ ಮುಗ್ಗರಿಸುವ ಜೀಪು

ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ಮಹದೇವಸ್ವಾಮಿ ಒಂದು ಹಳೆಯ ಜೀಪು ಕೊಂಡ. ಅದೂ ಎಂಥದು? ಊಟಿ ಕಡೆಯ ಎಸ್ಟೇಟು ಮಾಲೀಕನೊಬ್ಬ ಕಾಡುದಾರಿಗೆಂದು ಇಟ್ಟುಕೊಂಡಿದ್ದ, ಎತ್ತರದ ಚಕ್ರಗಳ, ಫಾರಿನ್ನಿನ ಆಟೋಮ್ಯಾಟಿಕ್ ಗಾಡಿ. ಉಮ್ಮತ್ತೂರಿನ ಜನ ಬಾಯಿಗೆ ಬಂದಂತೆ ಆಡಿಕೊಂಡರು. ಮದುವೆಯಾಗಲಿಲ್ಲ, ಹೆಂಡತಿ ಮಕ್ಕಳಿಲ್ಲ, ಹೊಲಕ್ಕೆ ಹೋಗುವವನಲ್ಲ, ಕಾಡಿಗಂತೂ ಹೋಗುವವನೇ ಅಲ್ಲ. ಮೂಗಿಗಿಂತ ಮೂಗುತಿ ಭಾರ ಅಂದರು.

ಅವನ ಲೆಕ್ಕ ಅವನಿಗೆ ಗೊತ್ತಿತ್ತು. ಕ್ಲಚ್ ತುಳಿದು ತುಳಿದು ಎಡ ಮಂಡಿ ಸವೆದು ಹೋಗಿತ್ತು. ಕ್ಲಚ್ಚೇ ಇಲ್ಲದ ಗಾಡಿ ಒಂದಿದ್ದರೆ ಜೊತೆಯಲ್ಲಿ ದುಡಿದವರ ಮನೆಗಳಿಗೆಲ್ಲ ಹೋಗಿ ಬರಬಹುದಲ್ಲ! ಎಲ್ಲಕ್ಕಿಂತ ಮೊದಲು ಪುಣಜನೂರಿನ ಚಿಕ್ಕಮಲ್ಲಪ್ಪನ ಮನೆಗೆ. ಚಿಕ್ಕಮಲ್ಲಪ್ಪ ಅವನ ಬಸ್ಸಿನ ಕಂಡಕ್ಟರ್ ಆಗಿದ್ದವನು. ಒಂದೇ ಬುತ್ತಿ ಬಿಚ್ಚಿ ಉಂಡವರು ಇಬ್ಬರೂ. ಬೆನ್ನ ಹಿಂದೆ ಐವತ್ತು ಜನರ ಗಲಾಟೆ ಇಟ್ಟುಕೊಂಡು ಬದುಕಿದ ಮನುಷ್ಯನಿಗೆ ಈಗ ಮನೆಯಲ್ಲಿ ತಟ್ಟೆ ಕೆಳಗಿಟ್ಟರೂ ಸದ್ದು ದೊಡ್ಡದಾಗಿ ಕೇಳುತ್ತಿತ್ತು.

ಆದರೆ ಜೀಪಿಗೆ ರೋಗ ಬಂತು. ಗೇರು ತಾನಾಗಿ ಏರಬೇಕು, ತಾನಾಗಿ ಇಳಿಯಬೇಕು. ಅದಕ್ಕೇ ಆಟೋಮ್ಯಾಟಿಕ್ ಅನ್ನುವುದು. ಇದಕ್ಕೋ ತಲೆ ಕೆಟ್ಟಿತ್ತು. ತೆರಕಣಾಂಬಿಯ ನೇರ ರಸ್ತೆಯಲ್ಲಿ, ಏರಿಲ್ಲ ಇಳಿಜಾರಿಲ್ಲ, ಇದ್ದಕ್ಕಿದ್ದಂತೆ ಎಂಜಿನ್ ಅರಚಿಕೊಳ್ಳುವುದು, ಗಾಡಿ ಒಮ್ಮೆ ಮುಗ್ಗರಿಸುವುದು, ಮತ್ತೆ ಏನೂ ಆಗಿಲ್ಲವೆಂಬಂತೆ ಓಡುವುದು. ಇಂಥದನ್ನು ನಂಬಿಕೊಂಡು ಪುಣಜನೂರಿನ ಕಾಡುರಸ್ತೆಗೆ ಇಳಿಯಲು ಅವನಿಗೆ ಧೈರ್ಯ ಬರಲಿಲ್ಲ. ‘ಗಾಡಿ ಒಸಿ ಸರಿಯಾಗ್ಲಿ ಕಣಪ್ಪ, ಬಂದ್ಬುಡ್ತೀನಿ’ ಎಂದು ಚಿಕ್ಕಮಲ್ಲಪ್ಪನಿಗೆ ಫೋನಿನಲ್ಲಿ ಹೇಳುತ್ತಲೇ ಬಂದ. ಅವನೂ ‘ಬಾ ಬಾ’ ಅನ್ನುತ್ತಿದ್ದ.

ಹೀಗೆ ಶನಿವಾರ ಶನಿವಾರ ಗುಂಡ್ಲುಪೇಟೆಯಲ್ಲಿರುವ ಸೋಮೇಶನ ರಿಪೇರಿ ಶೆಡ್ಡಿಗೆ ಹೋಗುವುದು ಶುರುವಾಯಿತು. ದಾರಿಯಲ್ಲಿ ಬಸ್ಸುಗಳು ಎದುರಾಗುತ್ತಿದ್ದವು. ಡ್ರೈವರುಗಳು ಒಬ್ಬರಿಗೊಬ್ಬರು ಕೈ ಎತ್ತುವುದು ಆ ರಸ್ತೆಯ ಪದ್ಧತಿ. ಮಹದೇವಸ್ವಾಮಿಯ ಕೈ ತಾನಾಗಿ ಮೇಲೇಳುತ್ತಿತ್ತು. ಜೀಪಿನೊಳಗೆ ಯಾರಿದ್ದಾರೆಂದು ಅವರಿಗೇನು ಗೊತ್ತು? ನೆಟ್ಟಗೆ ಮುಂದೆ ನೋಡಿಕೊಂಡು ಹೊರಟುಹೋಗುತ್ತಿದ್ದರು.

ಸೋಮೇಶ್ ಒಳ್ಳೆಯ ಮೆಕ್ಯಾನಿಕ್, ಆದರೆ ಅವನಿಗೂ ಇಂಥ ಗಾಡಿ ಹೊಸದು. ಮೊದಲು ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ಅದ್ದಿ ಅಳತೆ ನೋಡಿದ. ಇನ್ನೊಂದು ವಾರ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲನ್ನು ಬಿಗಿ ಮಾಡಿದ. ಮತ್ತೊಂದು ವಾರ ತುಕ್ಕು ಹಿಡಿದ ವೈರುಗಳ ತುದಿ ಉಜ್ಜಿದ. ಪ್ರತಿಸಲ ತಾನೇ ಓಡಿಸಿ ನೋಡಿದ, ಮಹದೇವಸ್ವಾಮಿಯ ಪಕ್ಕ ಕೂತು ಅವನಿಂದ ಓಡಿಸಿಯೂ ನೋಡಿದ. ಗಾಡಿ ಬೆಣ್ಣೆಯಂತೆ ಓಡಿತು. ಆಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದರು. ಮಹದೇವಸ್ವಾಮಿ ಬಸ್ಸಿನ ಕಥೆ ಹೇಳುತ್ತಿದ್ದ, ಸೋಮೇಶ್ ನಗುತ್ತಿದ್ದ. ಊರಿಗೆ ಹಿಂದಿರುಗುವಾಗ ನೋಡಿದರೆ ರೋಗ ಇದ್ದಲ್ಲೇ ಇದೆ! ಮಹದೇವಸ್ವಾಮಿಗೆ ಬೇಜಾರಾಗುತ್ತಿತ್ತು, ಮುಂದಿನ ಶನಿವಾರ ಮತ್ತೆ ಹೋಗಬಹುದಲ್ಲ ಎಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು. ಎರಡೂ ನಿಜ.

ಒಂದು ಶನಿವಾರ ಸೋಮೇಶ್ ಕೈಚೆಲ್ಲಿದ. “ಸ್ವಾಮಣ್ಣ, ಇನ್ನು ಗೇರ್‌ಬಾಕ್ಸ್ ಬಿಚ್ಚದೊಂದೇ ಬಾಕಿ. ಅದು ನನ್ ಕೈಲಾಗಲ್ಲ, ಕೊಯಮತ್ತೂರ್ಗೇ ಓಗ್ಬೇಕು. ಅಷ್ಟ್ ಕಷ್ಟಪಡದ್ಕಿಂತ ಗುಜರಿಗೆ ಹಾಕ್ಬುಡದೇ ವಾಸಿ.”

ಮಹದೇವಸ್ವಾಮಿಯ ಮುಖ ಸಪ್ಪಗಾಯಿತು. ಗಾಡಿ ಹೋದರೆ ಪುಣಜನೂರೂ ಇಲ್ಲ, ಈ ಶೆಡ್ಡೂ ಇಲ್ಲ. ಉಮ್ಮತ್ತೂರಿನ ಜಗುಲಿಯೊಂದೇ ಗತಿ. “ಇನ್ನೊಂದ್ಸಲ ನೋಡು ಕಣ್ಲಾ” ಅಂದ.

ಸೋಮೇಶ್ ತಲೆ ಕೆರೆದುಕೊಂಡ. “ನಾನ್ ಒಳಗಿದ್ರೆ ಅದು ಆಗಾದೇ ಇಲ್ಲ. ನೀವೊಬ್ರೇ ಓಡ್ಸಿ, ನಾನು ಬೈಕಲ್ಲಿ ಹಿಂದೆ ಬತ್ತೀನಿ.”

ಹೊರಟರು. ಚೆಂಡುಹೂವಿನ ಹೊಲಗಳನ್ನು ದಾಟಿ ನೇರ ರಸ್ತೆ ಸಿಕ್ಕಿತೋ ಇಲ್ಲವೋ, ಎಂಜಿನ್ ಅರಚಿತು, ಗಾಡಿ ಮುಗ್ಗರಿಸಿತು. ಸ್ವಲ್ಪ ದೂರದಲ್ಲಿ ಮತ್ತೆ. ಹಿಂದಿನಿಂದ ಸೋಮೇಶ್ ಹಾರ್ನ್ ಹೊಡೆದು ನಿಲ್ಲಿಸಿದ. ಬೈಕಿನಿಂದ ಇಳಿಯುವಾಗಲೇ ನಗುತ್ತಿದ್ದ.

“ಸ್ವಾಮಣ್ಣ, ದಾರಿ ಉದ್ದಕ್ಕೂ ಬ್ರೇಕ್ ಯಾಕ್ ತುಳೀತಿದ್ರಿ?”

“ಬ್ರೇಕಾ? ನಾನು ಮುಟ್ಟೇ ಇಲ್ಲ ಕಣ್ಲಾ!”

“ಹಿಂದ್ಲ ಕೆಂಪು ದೀಪ ಹತ್ತಾದು, ಆರಾದು, ಹತ್ತಾದು, ಆರಾದು. ಅದು ಹತ್ತಿದಾಗ್ಲೆಲ್ಲ ಎಂಜಿನ್ ಅರಚ್ಕತಿತ್ತು. ಕಾಲು ನೋಡ್ಕಳಿ.”

ಮಹದೇವಸ್ವಾಮಿ ತಲೆ ಬಗ್ಗಿಸಿ ನೋಡಿದ. ಬಲಗಾಲು ತನ್ನ ಜಾಗದಲ್ಲಿತ್ತು. ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ, ಅದು ಸಿಕ್ಕದೆ, ಅಗಲವಾದ ಬ್ರೇಕ್ ಪೆಡಲಿನ ತುದಿಯ ಮೇಲೆ ತೂಕ ಹಾಕದೆ ಕೂತಿತ್ತು. ಬಸ್ಸಿನಲ್ಲಿ ಕೂರುತ್ತಿದ್ದ ಹಾಗೆಯೇ.

“ಕಾಲು ಒಂಚೂರು ಒತ್ತುದ್ರೆ ಸಾಕು, ಇವ್ನು ಬ್ರೇಕ್ ಹಾಕ್ತಾವ್ನೆ ಅಂತ ಗೇರ್‌ಬಾಕ್ಸು ಒಳಗಿನ ಹಿಡಿತ ಬುಟ್ಬುಡ್ತದೆ. ಕಾಲು ಹಗುರಾದ್ರೆ ಮತ್ತೆ ಹಿಡ್ಕತದೆ. ರೋಗ ಗಾಡೀದಲ್ಲ ಬುಡಿ.”

ಮಹದೇವಸ್ವಾಮಿಗೆ ರೇಗಿತು. “ಲೇ, ಇಷ್ಟು ವರ್ಸ ಒಂದು ಕೋಳೀನೂ ಹೊಡೀದಂಗೆ ಬಸ್ ಓಡ್ಸಿವ್ನಿ. ನಂಗೇ ಕಾಲಿಡದ್ನ ಕಲಿಸ್ತೀಯಾ? ಮತ್ತೆ ನೀನಿದ್ದಾಗ ಯಾಕ್ಲಾ ಆಗಲ್ಲ?”

“ನಾನು ಪಕ್ಕದಲ್ಲಿದ್ರೆ ನೀವು ನನ್ ಕಡೀಕೆ ತಿರುಗ್ಕಂಡು ಮಾತಾಡ್ತೀರ. ಕಾಲು ತಾನಾಗೇ ಸೀಟಿನ ಕೆಳೀಕೆ ಓಯ್ತದೆ. ಒಬ್ರೇ ಇದ್ರೆ ಡ್ಯೂಟೀಲಿ ಕೂತಂಗೆ ಬಿಗ್ಯಾಗಿ ಕೂತ್ಕತೀರ. ಎಡಗಾಲು ಹಿಂದ್ಕೆ ಇಟ್ಕಳಿ, ಅಷ್ಟೇಯ. ಸನಿವಾರ ಸನಿವಾರ ಇಲ್ಲಿಗಂಟ ಬರ ಕಷ್ಟ ತಪ್ತು ನಿಮ್ಗೆ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಹೇಳಿ ಬೈಕ್ ತಿರುಗಿಸಿಕೊಂಡು ಹೋದ.

ಮಹದೇವಸ್ವಾಮಿ ರಸ್ತೆ ಬದಿಯಲ್ಲೇ ಚಿಕ್ಕಮಲ್ಲಪ್ಪನಿಗೆ ಫೋನ್ ಮಾಡಿದ. “ಗಾಡಿ ವಾಸಿಯಾಯ್ತು ಕಣಪ್ಪ! ನಾಳೀಕೇ ಬತ್ತೀನಿ.”

ಆ ಕಡೆ ಟಿವಿಯ ಸದ್ದು ತಗ್ಗಿತು. ಆಮೇಲೆ ಚಿಕ್ಕಮಲ್ಲಪ್ಪ, “ನಾಳೆನಾ? ನಾಳೆ ನೆಂಟ್ರು ಬತ್ತಾವ್ರಲ್ಲಾ” ಅಂದ.

“ಹಂಗಾದ್ರೆ ಮುಂದ್ಲ ವಾರ?”

“ನಾನೇ ಪೋನ್ ಮಾಡ್ತೀನಿ ಬುಡು, ಸ್ವಾಮಿ.”

ಅವನು ಯಾವತ್ತೂ ತಾನಾಗಿ ಫೋನ್ ಮಾಡಿದವನಲ್ಲ. ಮಾಡುತ್ತಿದ್ದದ್ದೆಲ್ಲ ತಾನೇ ಎಂಬುದು ಮಹದೇವಸ್ವಾಮಿಗೆ ಆಗ ಹೊಳೆಯಿತು. ಗಾಡಿ ಕೆಟ್ಟಿದ್ದರಿಂದ ಇಷ್ಟು ದಿನ ಇಬ್ಬರ ಮರ್ಯಾದೆಯೂ ಉಳಿದಿತ್ತು.

ಎಡಗಾಲನ್ನು ಸೀಟಿನ ಕೆಳಗೆ ಸಿಕ್ಕಿಸಿಕೊಂಡು ಹೊರಟ. ಜೀಪು ಒಂದಿಷ್ಟೂ ತಕರಾರಿಲ್ಲದೆ ಓಡಿತು. ಸಂತೆಮರಹಳ್ಳಿಯ ತನಕವೂ ಓಡಿತು. ಇಷ್ಟು ಚೆನ್ನಾಗಿ ಓಡುವ ಗಾಡಿಯಲ್ಲಿ ಹೋಗಲು ಅವನಿಗೆ ಒಂದೇ ಒಂದು ಮನೆ ಇರಲಿಲ್ಲ. ಊರು ಇನ್ನೇನು ಹತ್ತಿರವಿರುವಾಗ ಕಾಲನ್ನು ಮುಂದಕ್ಕೆ ತಂದು, ಬೇಕೆಂದೇ, ಪೆಡಲಿನ ತುದಿಯ ಮೇಲಿಟ್ಟ. ಎಂಜಿನ್ ಅರಚಿತು. ಗಾಡಿ ನಿಲ್ಲಿಸಿ ಸೋಮೇಶನಿಗೆ ಫೋನ್ ಹಚ್ಚಿದ.

“ಇನ್ನೂ ಐತೆ ಕಣ್ಲಾ ಸೋಮೇಶ. ಈಗಲೂ ಮುಗ್ಗರಿಸ್ತು.”

“ಕಾಲು?”

“ಹಿಂದ್ಕೇ ಇಟ್ಟಿವ್ನಿ” ಅಂದ ಮಹದೇವಸ್ವಾಮಿ. ಗಾಡಿಯ ವಿಚಾರದಲ್ಲಿ ಅವನು ಸುಳ್ಳು ಹೇಳಿದ್ದು ಅದೇ ಮೊದಲು.



“ಸನಿವಾರ ಬನ್ನಿ ಸ್ವಾಮಣ್ಣ” ಅಂದ ಸೋಮೇಶ್. “ಗಾಡಿ ತರ್ದೇ ಇದ್ರೂ ಬನ್ನಿ.”

ಮಹದೇವಸ್ವಾಮಿಗೆ ಅಳು ಬಂತು.